ಕೈಗಾದ ಕಸ: ಡ್ರಮ್ ಎಷ್ಟು ಅಂತಲ್ಲ, ಬೆಕೆರೆಲ್ ಎಷ್ಟು ಅಂತ ಕೇಳಿ

ಕಾರವಾರ, ಅಂಕೋಲಾ ಕಡೆ ಅಣು ವಿದ್ಯುತ್ ಬಗ್ಗೆ ಮಾತು ಶುರುವಾದ್ರೆ ಸ್ವಲ್ಪ ಹೊತ್ತಿಗೇ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತೆ, "ಅಲ್ಲಾ, ಆ ಕಸ ಎಲ್ಲಾ ಎಲ್ಲಿಗೆ ಹೋಗುತ್ತೆ ಮಾರಾಯ್ರೆ?" ಸರಿಯಾದ ಪ್ರಶ್ನೆನೇ. ಆದ್ರೆ ಉತ್ತರ ಕೊಡೋರು ಎರಡೇ ಥರ ಸಿಗ್ತಾರೆ, ಒಬ್ರು "ಏನೂ ತೊಂದ್ರೆ ಇಲ್ಲ, ಎಲ್ಲಾ ಸೇಫ್" ಅಂತಾರೆ, ಇನ್ನೊಬ್ರು "ಕಾಳಿ ನದಿ ಪೂರ್ತಿ ಹಾಳಾಗಿದೆ" ಅಂತಾರೆ, ಇಬ್ರ ಬಾಯಲ್ಲೂ ಒಂದು ನಂಬರ್ ಬರಲ್ಲ. ನಾನು ಎಂಎಸ್ಸಿ ಮಾಡುವಾಗ ಗಾಮಾ ಸ್ಪೆಕ್ಟ್ರೋಮೆಟ್ರಿ ಲ್ಯಾಬಲ್ಲಿ ಮಣ್ಣಿನ ಸ್ಯಾಂಪಲ್ ಅಳೀತಾ ಇದ್ದೆ, ಈಗ ಫಿಸಿಕ್ಸ್ ಪಾಠ ಮಾಡ್ತೀನಿ, ಆವಾಗಿಂದ ಈ ವಿಷಯ ತಲೆಯಿಂದ ಹೋಗಿಲ್ಲ. ವಿಕಿರಣ ತ್ಯಾಜ್ಯ ಕಡಿಮೆ ಮಾಡೋದು ಅಂದ್ರೆ ಮೂಲದಲ್ಲಿ ಅಳತೆಯ ಕೆಲಸ, ಅಳತೆ ಸರಿ ಇಲ್ಲದೆ "ಕಡಿಮೆ ಮಾಡಿದ್ವಿ" ಅನ್ನೋ ಮಾತಿಗೆ ಅರ್ಥನೇ ಇಲ್ಲ, ಇದನ್ನ ಇವತ್ತು ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ಕಸ ಅಂದ್ರೆ ಏನು ನೋಡೋಣ. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕ ಇವೆ, ಎಲ್ಲವೂ ಭಾರಜಲದ (ಡ್ಯೂಟೀರಿಯಂ ಅನ್ನೋ ಭಾರದ ಹೈಡ್ರೋಜನ್ ಇರೋ ನೀರಿನ) ರಿಯಾಕ್ಟರ್, ಇಂಧನ ನೈಸರ್ಗಿಕ ಯುರೇನಿಯಂ. ಒಂದು ಘಟಕ ಫುಲ್ ಪವರಲ್ಲಿ ಓಡಿದ್ರೆ ದಿನಕ್ಕೆ ಹೆಚ್ಚೂ ಕಡಿಮೆ 8 ಬಂಡಲ್ ಇಂಧನ ಹೊಸದು ಹಾಕ್ತಾರೆ, 8 ಹಳೇದು ಹೊರಗೆ ಬರುತ್ತೆ. ವರ್ಷಕ್ಕೆ ಲೆಕ್ಕ ಹಾಕಿದ್ರೆ ಸುಮಾರು 40 ಟನ್ ಯುರೇನಿಯಂ, ಅದರಲ್ಲಿ ನಿಜವಾಗಿ ಪರಮಾಣು ಒಡೆದು ಬೇರೆ ಧಾತು ಆಗಿದ್ದು ಸುಮಾರು 300 ಕೆಜಿ ಮಾತ್ರ. ಮನುಷ್ಯರು ಹತ್ತಿರ ಹೋಗೋಕೂ ಆಗದಷ್ಟು ಉಗ್ರವಾದ ವಿಕಿರಣ ಬಹುಪಾಲು ಇರೋದು ಈ 300 ಕೆಜಿಯಲ್ಲೇ. ಇದು ಒಂದು ಬದಿ. ಇನ್ನೊಂದು ಬದಿಗೆ ಕೈಗವಸು, ಶೂ ಕವರ್, ಒರೆಸಿದ ಕಾಟನ್ ವೇಸ್ಟ್, ಪ್ಲಾಸ್ಟಿಕ್ ಶೀಟ್, ಏರ್ ಫಿಲ್ಟರ್, ನೀರು ಶುದ್ಧ ಮಾಡೋ ರೆಸಿನ್, ಹಳೇ ವಾಲ್ವ್, ಪೈಪ್ ತುಂಡು, ಇವೆಲ್ಲಾ ರಾಶಿ ರಾಶಿ. ಜಗತ್ತಿನ ಲೆಕ್ಕದಲ್ಲಿ ಗಾತ್ರದ ಶೇ. 90ರಷ್ಟು ಇಂಥ ಕೆಳಮಟ್ಟದ ಕಸ, ಆದ್ರೆ ಒಟ್ಟು ವಿಕಿರಣದಲ್ಲಿ ಅದರ ಪಾಲು ಶೇ. 1ರ ಹತ್ರ. ಮೇಲ್ಮಟ್ಟದ ತ್ಯಾಜ್ಯ ಗಾತ್ರದಲ್ಲಿ ಶೇ. 3, ವಿಕಿರಣದಲ್ಲಿ ಶೇ. 95. ಅದಕ್ಕೇ "ಇಷ್ಟು ಡ್ರಮ್ ಕಸ ಬಂತು" ಅಂತ ಯಾರಾದ್ರೂ ಹೇಳಿದ್ರೆ ಅದರಿಂದ ಅಪಾಯ ಎಷ್ಟು ಅಂತ ಗೊತ್ತಾಗಲ್ಲ, ಒಳಗಡೆ ಯಾವ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು), ಎಷ್ಟು ಬೆಕೆರೆಲ್ ಅಂತ ಹೇಳ್ಬೇಕು. ಒಂದು ಬೆಕೆರೆಲ್ ಅಂದ್ರೆ ಸೆಕೆಂಡಿಗೆ ಒಂದು ಪರಮಾಣು ವಿಕಿರಣ ಸೂಸಿ ಕ್ಷಯಿಸೋದು, ಬಹಳ ಸಣ್ಣ ಯೂನಿಟ್ಟು, ನಮ್ಮ ನಿಮ್ಮ ಮೈಯಲ್ಲೇ ಪೊಟ್ಯಾಸಿಯಂ-40 ಒಂದರಿಂದಲೇ ನಾಲ್ಕು ಸಾವಿರಕ್ಕೂ ಹೆಚ್ಚು ಬೆಕೆರೆಲ್ ಇದೆ.

ಕಸ ಕಡಿಮೆ ಮಾಡೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇದು ಅದು ಹುಟ್ಟದ ಹಾಗೆ ನೋಡ್ಕೊಳ್ಳೋದು. ನನಗೆ ತುಂಬಾ ಇಷ್ಟವಾದ ಉದಾಹರಣೆ ಆರ್ಗಾನ್-41. ರಾಜಸ್ಥಾನ, ಕಲ್ಪಾಕ್ಕಂನ ಮೊದಲ ಭಾರಜಲ ರಿಯಾಕ್ಟರ್‌ಗಳಲ್ಲಿ ರಿಯಾಕ್ಟರ್ ಪಾತ್ರೆಯ ಸುತ್ತ ಇರೋ ಕೋಣೆಯಲ್ಲಿ ಗಾಳಿ ಇರ್ತಿತ್ತು, ಗಾಳಿಯಲ್ಲಿರೋ ಆರ್ಗಾನ್ ನ್ಯೂಟ್ರಾನ್ ನುಂಗಿ ವಿಕಿರಣಶೀಲ ಆಗಿ ಚಿಮಣಿಯಿಂದ ಹೊರಗೆ ಹೋಗ್ತಿತ್ತು. ಅದರ ಅರ್ಧಾಯು (ಇರೋದ್ರಲ್ಲಿ ಅರ್ಧ ಕ್ಷಯಿಸೋಕೆ ಬೇಕಾದ ಸಮಯ) ಎರಡು ಗಂಟೆಗಿಂತ ಕಡಿಮೆ ನಿಜ, ಆದ್ರೂ ಸ್ಥಾವರ ಓಡೋ ತನಕ ದಿನಾ ಹುಟ್ತಾನೇ ಇರುತ್ತಲ್ಲ. ಉತ್ತರ ಪ್ರದೇಶದ ನರೋರಾ ಸ್ಥಾವರದಿಂದ ಮುಂದೆ ಆ ಕೋಣೆಗೆ ನೀರು ತುಂಬಿಸೋ ಡಿಸೈನ್ ಬಂತು, ಆರ್ಗಾನ್-41 ಬಿಡುಗಡೆ ಒಂದೇಟಿಗೆ ಇಳೀತು, ಕೈಗಾಕ್ಕೆ ಬರುವಾಗ ಅದೇ ಸುಧಾರಿಸಿದ ಡಿಸೈನು. ಚಿಮಣಿಯಲ್ಲಿ ಅಳೆದವರು ಯಾರೋ ಇದ್ದಿದ್ರಿಂದ ಅಲ್ವಾ ಆರ್ಗಾನ್ ಇಷ್ಟಿದೆ ಅಂತ ಗೊತ್ತಾಗಿದ್ದು, ಗೊತ್ತಾಗಿದ್ರಿಂದ ಅಲ್ವಾ ಡ್ರಾಯಿಂಗ್ ಬದಲಾಗಿದ್ದು.

ಕೋಬಾಲ್ಟ್ ಕಥೆನೂ ಹಾಗೇ. ವಾಲ್ವ್‌ಗಳ ಒಳಗೆ ಸವೆತ ತಡೆಯೋಕೆ ಸ್ಟೆಲೈಟ್ ಅನ್ನೋ ಗಟ್ಟಿ ಮಿಶ್ರಲೋಹ ಹಾಕ್ತಾರೆ, ಅದರಲ್ಲಿ ಅರ್ಧಕ್ಕರ್ಧ ಕೋಬಾಲ್ಟು. ಅದು ಕಣ್ಣಿಗೆ ಕಾಣದಷ್ಟು ಸವೆದು ನೀರಲ್ಲಿ ಸೇರಿ ರಿಯಾಕ್ಟರ್ ಒಳಗೆ ಹೋಗಿ ಕೋಬಾಲ್ಟ್-60 ಆಗಿ ಪೈಪಿನ ಒಳಗೋಡೆಗೆ ಕೂತ್ಕೊಳ್ಳುತ್ತೆ, ಅರ್ಧಾಯು 5.27 ವರ್ಷ. ಮುಂದೆ ಆ ಪೈಪ್ ರಿಪೇರಿ ಮಾಡೋ ಕೆಲಸಗಾರನಿಗೆ ಬೀಳೋ ಡೋಸ್, ಆ ಪೈಪ್ ಕಸ ಆದಾಗ ಅದು ಯಾವ ದರ್ಜೆಗೆ ಹೋಗುತ್ತೆ ಅನ್ನೋದು, ಎರಡೂ ನಿರ್ಧಾರ ಆಗೋದು ಲೋಹ ಆರಿಸಿದ ದಿನವೇ. ಹಾಗಾಗಿ ಈಗ ಕೋಬಾಲ್ಟ್ ಕಡಿಮೆ ಇರೋ ಲೋಹನೇ ಬೇಕು ಅಂತ ಸ್ಪೆಸಿಫಿಕೇಶನ್‌ನಲ್ಲೇ ಬರೀತಾರೆ. ಇನ್ನೂ ಸರಳವಾದ್ದು, ರಟ್ಟಿನ ಪೆಟ್ಟಿಗೆ, ಥರ್ಮಾಕೋಲ್ ಪ್ಯಾಕಿಂಗ್ ಇವನ್ನೆಲ್ಲಾ ಸಕ್ರಿಯ ವಲಯದ (ವಿಕಿರಣ ಅಂಟಬಹುದಾದ ಜಾಗದ) ಹೊರಗೇ ಬಿಚ್ಚಿಟ್ಟು ಬರೀ ಸಾಮಾನು ಒಳಗೆ ತಗೊಂಡು ಹೋಗೋದು. ಒಳಗೆ ಹೋಗಿ ಬಂದ ರಟ್ಟು ಕ್ಲೀನ್ ಇದ್ರೂ ಅದನ್ನ ಅಳೆದು ಸಾಬೀತು ಮಾಡೋ ತನಕ ಅದು ಅನುಮಾನದ ಕಸವೇ.

ಈಗ ಹುಟ್ಟಿದ ಕಸದ ವಿಷಯಕ್ಕೆ ಬರ್ತೀನಿ. ಒತ್ತಿ ಚಿಕ್ಕದು ಮಾಡ್ತಾರೆ, ಸುಡೋವಂಥದ್ದನ್ನ ಫಿಲ್ಟರ್ ಇರೋ ಕುಲುಮೆಯಲ್ಲಿ ಸುಡ್ತಾರೆ, ದ್ರವ ಆದ್ರೆ ಕುದಿಸಿ ಇಂಗಿಸ್ತಾರೆ ಇಲ್ಲಾ ರಾಸಾಯನಿಕ ಹಾಕಿ ಗಸಿ ಕೂರಿಸಿ ಅದನ್ನ ಸಿಮೆಂಟಲ್ಲಿ ಗಟ್ಟಿ ಮಾಡ್ತಾರೆ. ಇದ್ರಲ್ಲೆಲ್ಲಾ ಗಾತ್ರ ಚೆನ್ನಾಗಿ ಇಳಿಯುತ್ತೆ, ಕಸ ಹೂಳೋ ಕಂದಕದ ಜಾಗ ಉಳಿಯುತ್ತೆ, ಅದು ದೊಡ್ಡ ವಿಷಯವೇ. ಆದ್ರೆ ಬಟ್ಟೆ ಮೂಟೆನ ಎಷ್ಟು ಬಿಗಿಯಾಗಿ ಕಟ್ಟಿದ್ರೂ ಒಳಗಿನ ಬಟ್ಟೆ ಕಡಿಮೆ ಆಗಲ್ಲ ಅಲ್ವಾ, ಹಾಗೆ ಒತ್ತಿದ್ರೂ ಸುಟ್ರೂ ಒಂದು ಬೆಕೆರೆಲ್ ಕೂಡಾ ಕಮ್ಮಿ ಆಗಲ್ಲ, ಬೂದಿಯಲ್ಲಿ ಇನ್ನೂ ದಟ್ಟವಾಗುತ್ತೆ. ಬೆಕೆರೆಲ್ ಕಡಿಮೆ ಮಾಡೋದು ಕಾಲ ಮಾತ್ರ. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ, 300 ವರ್ಷ ಅಂದ್ರೆ ಹತ್ತು ಅರ್ಧಾಯು, ಆಗ ಉಳಿಯೋದು ಸಾವಿರದಲ್ಲಿ ಒಂದು ಭಾಗ. ಮೇಲ್ಮೈ ಹತ್ತಿರದ ಕಂದಕಗಳಿಗೆ 300 ವರ್ಷದ ಕಾವಲು ಅಂತ ಹೇಳೋದು ಈ ಲೆಕ್ಕದಿಂದಲೇ. ಪ್ಲುಟೋನಿಯಂ-239ಕ್ಕೆ ಈ ಲೆಕ್ಕ ನಡೆಯಲ್ಲ, ಅದರ ಅರ್ಧಾಯು 24,100 ವರ್ಷ. ಹಾಗಾಗಿ ಯಾವುದು ಬೇಗ ಸಾಯುತ್ತೆ, ಯಾವುದು ಸಾಯಲ್ಲ ಅಂತ ಬೇರೆ ಬೇರೆ ಮಾಡಿ ಇಡೋದೇ ಅಸಲಿ ಕೆಲಸ, ಹಾಗೆ ವಿಂಗಡಿಸ್ಬೇಕಂದ್ರೆ ಮತ್ತೆ ಅಳೀಲೇಬೇಕು.

ನಮ್ಮಲ್ಲಿ ಹಳೇ ಪದ್ಧತಿ ಹೇಗಿತ್ತಂದ್ರೆ ಕಸದ ಪೊಟ್ಟಣದ ಮೇಲ್ಮೈಯಲ್ಲಿ ಮೀಟರ್ ಹಿಡಿದು ಗಂಟೆಗೆ 2 ಮಿಲಿಗ್ರೇ (ವಸ್ತು ಹೀರೋ ವಿಕಿರಣದ ಅಳತೆ) ತನಕ ಇದ್ರೆ ಒಂದನೇ ವರ್ಗ, 2ರಿಂದ 20 ಆದ್ರೆ ಎರಡನೇದು, 20ಕ್ಕಿಂತ ಮೇಲೆ ಮೂರನೇದು, ಆಲ್ಫಾ ಸೂಸೋದು ಇದ್ರೆ ಪ್ರತ್ಯೇಕ ನಾಲ್ಕನೇದು. ಒಂದನೇದು ಕಲ್ಲು ಕಟ್ಟಿದ ಮಣ್ಣಿನ ಕಂದಕಕ್ಕೆ, ಎರಡನೇದು ಕಾಂಕ್ರೀಟ್ ಕಂದಕಕ್ಕೆ, ಮೂರನೇದು ಟೈಲ್ ಹೋಲ್ ಅಂತ ಕರೆಯೋ ಉಕ್ಕು-ಕಾಂಕ್ರೀಟಿನ ಆಳದ ಕೊಳವೆಗೆ. ಕೆಲಸಗಾರನ ಸುರಕ್ಷತೆಗೆ ಈ ಅಳತೆ ಒಳ್ಳೇದು, ಬೇಗನೂ ಆಗುತ್ತೆ, ಆದ್ರೆ ಡ್ರಮ್ ಒಳಗೆ ಏನಿದೆ ಅಂತ ಅದು ಹೇಳಲ್ಲ. ಹೊರಗೆ ಒಂದೇ ರೀಡಿಂಗ್ ತೋರಿಸೋ ಎರಡು ಡ್ರಮ್‌ನಲ್ಲಿ ಒಂದು ಬರೀ ಕೋಬಾಲ್ಟ್ ಇದ್ದು ಐವತ್ತು ವರ್ಷದಲ್ಲಿ ಬಹುತೇಕ ತಣ್ಣಗಾಗಬಹುದು, ಇನ್ನೊಂದು ಸೀಸಿಯಂ ಇದ್ದು ಮೂರು ತಲೆಮಾರು ದಾಟಿದ್ರೂ ಗಮನಿಸುವಷ್ಟು ಉಳಿದಿರಬಹುದು.

ಡ್ರಮ್ ಅಳೆಯೋದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ಹೇಳ್ತೀನಿ, ಯಾಕಂದ್ರೆ ಇದನ್ನ ಕನ್ನಡದಲ್ಲಿ ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. 200 ಲೀಟರ್ ಡ್ರಮ್‌ನ ತಿರುಗೋ ಮೇಜಿನ ಮೇಲೆ ಇಡ್ತಾರೆ, ಎದುರಿಗೆ ಜರ್ಮೇನಿಯಂ ಡಿಟೆಕ್ಟರ್, ಅದಕ್ಕೆ ದ್ರವ ಸಾರಜನಕದ ತಂಪು ಬೇಕು, ಸುತ್ತ ಸೀಸದ ಕವಚ, ಮುಂದೆ ಒಂದು ಸೀಳು. ಡ್ರಮ್ ನಿಧಾನಕ್ಕೆ ತಿರುಗುತ್ತೆ, ಡಿಟೆಕ್ಟರ್ ಕೆಳಗಿಂದ ಮೇಲಕ್ಕೆ ಒಂದೊಂದೇ ಪಟ್ಟಿ ನೋಡ್ಕೊಂಡು ಹೋಗುತ್ತೆ, ಸ್ಕ್ರೀನಲ್ಲಿ ಒಂದೊಂದೇ ಮೊನೆ ಏಳುತ್ತೆ, 662 ಕೆಇವಿಯಲ್ಲಿ (ಗಾಮಾ ಕಿರಣದ ಶಕ್ತಿಯ ಅಳತೆ) ಎದ್ರೆ ಸೀಸಿಯಂ-137, 1173 ಮತ್ತು 1332ರಲ್ಲಿ ಜೋಡಿಯಾಗಿ ಎದ್ರೆ ಕೋಬಾಲ್ಟ್-60. ಸಮಸ್ಯೆ ಏನಂದ್ರೆ ವಿಕಿರಣದ ಮೂಲ ಡ್ರಮ್ಮಿನ ನಡುಮಧ್ಯ ಕೂತಿದ್ರೆ ಸುತ್ತಲಿನ ಸಿಮೆಂಟೋ ಕಬ್ಬಿಣವೋ ಅದನ್ನ ನುಂಗಿ ಕಡಿಮೆ ತೋರಿಸುತ್ತೆ, ಅಂಚಲ್ಲಿ ಇದ್ರೆ ಜಾಸ್ತಿ ತೋರಿಸುತ್ತೆ, ವ್ಯತ್ಯಾಸ ಹಲವು ಪಟ್ಟು ಆಗಬಹುದು. ಅದಕ್ಕೆ ಡ್ರಮ್ಮಿನ ಆಚೆ ಬದಿಯಿಂದ ಗೊತ್ತಿರೋ ಒಂದು ಮೂಲದ ಗಾಮಾ ಹಾಯಿಸಿ, ಎಷ್ಟು ಈಚೆ ಬಂತು ಅಂತ ನೋಡಿ, ಒಳಗಿನ ವಸ್ತು ಎಷ್ಟು ನುಂಗುತ್ತೆ ಅಂತ ಲೆಕ್ಕ ತಿದ್ದುತಾರೆ. ಪ್ಲುಟೋನಿಯಂ ಇರೋ ಡ್ರಮ್ ಆದ್ರೆ ನ್ಯೂಟ್ರಾನ್ ಎಣಿಸ್ತಾರೆ, ಪ್ಲುಟೋನಿಯಂ-240 ತಾನಾಗೇ ಒಡೆದಾಗ ಎರಡು ಮೂರು ನ್ಯೂಟ್ರಾನ್ ಒಟ್ಟಿಗೆ ಬರುತ್ತೆ, ಆ ಒಟ್ಟಿಗೆ ಬರೋದನ್ನೇ ಗುರುತು ಹಿಡಿಯೋದು. ಇನ್ನು ಸ್ಟ್ರಾನ್ಷಿಯಂ-90 ಥರದ್ದು ಗಾಮಾನೇ ಬಿಡಲ್ಲ, ಬೀಟಾ ಡ್ರಮ್ಮಿನ ತಗಡು ದಾಟಿ ಹೊರಗೆ ಬರಲ್ಲ. ಅದಕ್ಕೆ ಸ್ಯಾಂಪಲ್ ತೆಗೆದು ಕೆಮಿಸ್ಟ್ರಿ ಲ್ಯಾಬಲ್ಲಿ ದಿನಗಟ್ಟಲೆ ಬೇರ್ಪಡಿಸಿ, ಸೀಸಿಯಂ ಇಷ್ಟಿದ್ರೆ ಸ್ಟ್ರಾನ್ಷಿಯಂ ಇಷ್ಟಿರುತ್ತೆ ಅಂತ ಆ ಸ್ಥಾವರಕ್ಕೇ ಒಂದು ಅನುಪಾತ ಕಂಡು ಹಿಡಿದು ಉಳಿದ ಡ್ರಮ್‌ಗಳಿಗೆ ಅನ್ವಯಿಸ್ತಾರೆ. ಆ ಅನುಪಾತ ಆಗಾಗ ಮತ್ತೆ ಪರೀಕ್ಷೆ ಮಾಡದಿದ್ರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತೆ.

ರಿಪೋರ್ಟ್‌ಗಳಲ್ಲಿ "ಪತ್ತೆಯಾಗಿಲ್ಲ" ಅಂತ ಒಂದು ಸಾಲು ಇರುತ್ತಲ್ಲ, ಅದನ್ನ ಜನ ಸೊನ್ನೆ ಅಂತ ಓದ್ತಾರೆ. ಅದು ಸೊನ್ನೆ ಅಲ್ಲ, ಆ ಯಂತ್ರ ಅಷ್ಟು ಹೊತ್ತಲ್ಲಿ ಹಿಡಿಯಬಹುದಾದ ಕನಿಷ್ಠಕ್ಕಿಂತ ಕೆಳಗಿದೆ ಅಂತ. ಆ ಕನಿಷ್ಠ ಎಷ್ಟು ಅಂತ ಪಕ್ಕದಲ್ಲಿ ಬರೆದಿರ್ಲೇಬೇಕು. ಎಣಿಸೋ ಸಮಯ ನಾಲ್ಕು ಪಟ್ಟು ಮಾಡಿದ್ರೆ ಆ ಕನಿಷ್ಠ ಮಿತಿ ಅರ್ಧಕ್ಕೆ ಇಳಿಯುತ್ತೆ, ನಾವು ಮಣ್ಣಿನ ಸ್ಯಾಂಪಲ್ ರಾತ್ರಿಯಿಡೀ ಡಿಟೆಕ್ಟರ್ ಮೇಲೆ ಬಿಟ್ಟು ಬರ್ತಿದ್ದಿದ್ದು ಅದಕ್ಕೇ. ಕಸನ "ಇದು ಇನ್ನು ವಿಕಿರಣ ತ್ಯಾಜ್ಯ ಅಲ್ಲ, ಮಾಮೂಲಿ ಕಸ" ಅಂತ ಹೊರಗೆ ಬಿಡೋಕೆ ಅಂತರರಾಷ್ಟ್ರೀಯ ಮಿತಿ ಕೋಬಾಲ್ಟ್-60ಕ್ಕೂ ಸೀಸಿಯಂ-137ಕ್ಕೂ ಗ್ರಾಮಿಗೆ 0.1 ಬೆಕೆರೆಲ್. ತುಂಬಾ ಕಡಿಮೆ ಅದು, ಅದನ್ನ ಗಟ್ಟಿಯಾಗಿ ಸಾಬೀತು ಮಾಡೋ ಸಲಕರಣೆ, ಸಮಯ, ಜನ ಇದ್ರೆ ಎಷ್ಟೋ ಕಬ್ಬಿಣ, ಕಾಂಕ್ರೀಟು ಕಂದಕಕ್ಕೆ ಹೋಗೋದು ತಪ್ಪುತ್ತೆ, ಇಲ್ಲಾಂದ್ರೆ ಕ್ಲೀನ್ ಇರೋದೂ ಹೂತುಹೋಗುತ್ತೆ. ಒಳ್ಳೇ ಡಿಟೆಕ್ಟರಿಗೆ ಖರ್ಚು ಮಾಡೋದು ಅಂದ್ರೆ ಕಸ ಕಡಿಮೆ ಮಾಡೋಕೇ ಖರ್ಚು ಮಾಡಿದ ಹಾಗೆ.

ಹಿನ್ನೆಲೆ ಅಳತೆನೂ ಅಷ್ಟೇ ಮುಖ್ಯ. 1950-60ರ ದಶಕದ ಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ ನಮ್ಮ ಪಶ್ಚಿಮ ಘಟ್ಟದ ಕಾಡಿನ ಮೇಲ್ಮಣ್ಣಲ್ಲಿ ಈಗಲೂ ಸಿಗುತ್ತೆ. ಉಳ್ಳಾಲದ ಕಡಲ ತೀರದಲ್ಲಿ ಮಾನಜೈಟ್ ಮರಳಿದೆ, ಅದರ ಥೋರಿಯಂನಿಂದ ಅಲ್ಲಿ ವಿಕಿರಣ ಅಕ್ಕಪಕ್ಕಕ್ಕಿಂತ ಹೆಚ್ಚು, ಯಾವ ಸ್ಥಾವರವೂ ಇಲ್ಲದೆ. ಕೈಗಾ ಹತ್ರ ಸೀಸಿಯಂ ಸಿಕ್ತು ಅಂದ ತಕ್ಷಣ ಕೈಗಾದ್ದೇ ಅಂತ ಹೇಳೋಕಾಗಲ್ಲ, ಕೈಗಾದ್ದಲ್ಲ ಅಂತಲೂ ಸುಮ್ಮನೆ ಹೇಳೋಕಾಗಲ್ಲ, 2000ದಲ್ಲಿ ಘಟಕ ಶುರುವಾಗೋ ಮುಂಚೆ ಎಷ್ಟಿತ್ತು ಅಂತ ಗೊತ್ತಿರಬೇಕು. ಆ ಅಳತೆ ಮಾಡಿಟ್ಟಿದ್ದಾರೆ, ಸ್ಥಾವರದ ಪರಿಸರ ಸರ್ವೇ ಲ್ಯಾಬೂ ಮಂಗಳೂರು ವಿಶ್ವವಿದ್ಯಾಲಯದವರೂ ಆ ಕಾಡಿನ ಮಣ್ಣು, ಎಲೆ, ನೀರು ಅಳೆದಿದ್ದಾರೆ. ಆ ಕೆಲಸ ಮಾಡಿದವರ ಬಗ್ಗೆ ನನಗೆ ದೊಡ್ಡ ಗೌರವ ಇದೆ, ಮಳೆಗಾಲದ ಆ ಕಾಡಲ್ಲಿ ಸ್ಯಾಂಪಲ್ ಹೊತ್ಕೊಂಡು ಓಡಾಡೋದು ಅಂದ್ರೆ ಏನು ಅಂತ ಉತ್ತರ ಕನ್ನಡದವರಿಗೆ ಹೇಳೋದು ಬೇಡ.

ಭಾರಜಲದ ರಿಯಾಕ್ಟರಿನ ನಿಜವಾದ ತಲೆನೋವು ಟ್ರಿಟಿಯಂ. ಭಾರಜಲದ ಡ್ಯೂಟೀರಿಯಂ ನ್ಯೂಟ್ರಾನ್ ನುಂಗಿದ್ರೆ ಟ್ರಿಟಿಯಂ, ಅರ್ಧಾಯು 12.3 ವರ್ಷ. ಅದು ನೀರಿನ ಅಣುವಿನ ಭಾಗವೇ ಆಗಿರೋದ್ರಿಂದ ರೆಸಿನ್, ಫಿಲ್ಟರ್ ಯಾವುದೂ ಹಿಡಿಯಲ್ಲ, ಅದರ ಬೀಟಾ ಎಷ್ಟು ದುರ್ಬಲ ಅಂದ್ರೆ ಮಾಮೂಲಿ ಗೈಗರ್ ಮೀಟರ್ ಕೂಡಾ ಕಿವುಡು. ಸ್ಯಾಂಪಲ್ ನೀರನ್ನ ಬೆಳಕು ಸೂಸೋ ದ್ರಾವಣದ ಜೊತೆ ಸಣ್ಣ ಸೀಸೆಯಲ್ಲಿ ಬೆರೆಸಿ, ಪೂರ್ತಿ ಕತ್ತಲಲ್ಲಿ ಇಟ್ಟು, ಮಿಣುಕು ಎಣಿಸ್ಬೇಕು. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಕುಡಿಯೋ ನೀರಿನ ಕೂಲರ್‌ಗೆ ಯಾರೋ ಬೇಕಂತಲೇ ಟ್ರಿಟಿಯಂ ಇರೋ ಭಾರಜಲ ಬೆರೆಸಿದ್ದು ನೆನಪಿರಬಹುದು, 50ಕ್ಕೂ ಹೆಚ್ಚು ಸಿಬ್ಬಂದಿ ಮೈಗೆ ಹೋಗಿತ್ತು. ಅದು ಗೊತ್ತಾಗಿದ್ದು ಸಿಬ್ಬಂದಿಯ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ. ರುಚಿ ಇಲ್ಲ, ಬಣ್ಣ ಇಲ್ಲ, ಗೇಟಿನ ಮಾನಿಟರ್‌ಗೂ ಸಿಗಲ್ಲ, ಆ ಸೀಸೆ ಪರೀಕ್ಷೆ ನಿಯಮಿತವಾಗಿ ನಡೀತಿರದೇ ಇದ್ರೆ ಇನ್ನೆಷ್ಟು ಜನ ಕುಡೀತಿದ್ರೋ.

ಬೆಕೆರೆಲ್ ಗೊತ್ತಿದ್ರೂ ಸಾಲಲ್ಲ ಅನ್ನೋದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆಗಿದ್ದನ್ನ ನೋಡ್ಬೇಕು. ಅಲ್ಲಿ ವಿಪ್ ಅಂತ ಒಂದು ಭೂಗತ ಭಂಡಾರ, 655 ಮೀಟರ್ ಆಳದ ಉಪ್ಪಿನ ಪದರದಲ್ಲಿ, ಅಣ್ವಸ್ತ್ರ ಕೆಲಸದ ಪ್ಲುಟೋನಿಯಂ ಕಸಕ್ಕೆ. ಪ್ರತಿ ಡ್ರಮ್ಮೂ ಅಳೆದೇ ಒಳಗೆ ಹೋಗೋದು. 2014ರ ಫೆಬ್ರವರಿ 14ಕ್ಕೆ ಲಾಸ್ ಅಲಾಮೋಸ್‌ನಿಂದ ಬಂದಿದ್ದ ಒಂದೇ ಒಂದು ಡ್ರಮ್ ಬಿಸಿಯಾಗಿ ಬಾಯಿ ಬಿಡ್ತು. ಕಾರಣ ಏನು ಗೊತ್ತಾ, ದ್ರವ ಹೀರೋಕೆ ಖನಿಜದ ಪುಡಿ ಹಾಕಬೇಕಿದ್ದ ಕಡೆ ಮನೆ ಬೆಕ್ಕಿನ ಮಲಮೂತ್ರ ಹೀರೋಕೆ ಹಾಸೋ, ಗೋಧಿಯಿಂದ ಮಾಡಿದ ಪುಡಿ ಹಾಕಿದ್ರು, ಒಳಗಿದ್ದ ನೈಟ್ರೇಟ್ ಲವಣದ ಜೊತೆ ಸೇರಿ ಅದು ಉರೀತು. ಅಮೆರೀಷಿಯಂ, ಪ್ಲುಟೋನಿಯಂ ಸ್ವಲ್ಪ ಗಾಳಿ ಕೊಳವೆ ಮೂಲಕ ಮೇಲಕ್ಕೂ ಬಂತು, ಸುಮಾರು ಮೂರು ವರ್ಷ ಭಂಡಾರ ಕಸ ತಗೊಳ್ಳೋದು ನಿಲ್ಲಿಸ್ತು. ಡ್ರಮ್ಮಲ್ಲಿ ವಿಕಿರಣ ಎಷ್ಟು ಅಂತ ಕಾಗದದಲ್ಲಿ ಇತ್ತು, ರಸಾಯನ ಏನು ಅಂತ ಸರಿಯಾಗಿ ಇರ್ಲಿಲ್ಲ. ಡ್ರಮ್ಮಿನ ಜೊತೆ ಹೋಗೋ ಆ ಕಾಗದ ಡ್ರಮ್ಮಿನಷ್ಟೇ ಮುಖ್ಯ.

ಇನ್ನು ಆ 300 ಕೆಜಿ ವಿಷಯ. ಭಾರತ ಬಳಸಿದ ಇಂಧನವನ್ನ ಕಸ ಅಂತ ಲೆಕ್ಕ ಹಾಕಲ್ಲ, ಕರಗಿಸಿ ಯುರೇನಿಯಂ, ಪ್ಲುಟೋನಿಯಂ ಬೇರೆ ತೆಗೆದು, ಉಳಿದ ಉಗ್ರ ದ್ರವವನ್ನ ಬೋರೋಸಿಲಿಕೇಟ್ ಗಾಜಿನ ಜೊತೆ ಕರಗಿಸಿ ಉಕ್ಕಿನ ಪಾತ್ರೆಗೆ ಸುರೀತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಇಂಥ ಘಟಕ ಇವೆ, ತಾರಾಪುರದಲ್ಲಿ ಆ ಪಾತ್ರೆಗಳನ್ನ ಗಾಳಿ ಹಾಯೋ ನೆಲಮಾಳಿಗೆಯಲ್ಲಿ ತಣಿಯೋಕೆ ಇಡ್ತಾರೆ. ಬಾರ್ಕ್‌ (ಭಾಭಾ ಅಣು ಸಂಶೋಧನಾ ಕೇಂದ್ರ) ನವರು ಈ ದ್ರವದಿಂದ ಸೀಸಿಯಂನ ಬೇರೆ ತೆಗೆದು ಗಾಜಿನ ಪೆನ್ಸಿಲ್ ಮಾಡಿ, ರಕ್ತಕ್ಕೆ ವಿಕಿರಣ ಹಾಯಿಸೋಕೆ ರಕ್ತನಿಧಿಗಳ ಇರ‍್ರೇಡಿಯೇಟರ್‌ಗೆ ಕೊಡ್ತಿದ್ದಾರೆ, ನನ್ನ ಪ್ರಕಾರ ಇದು ಕಸ ಕಡಿಮೆ ಮಾಡೋದ್ರಲ್ಲೇ ಅತಿ ಸೊಗಸಾದ ದಾರಿ. ಆದ್ರೆ ಮರುಸಂಸ್ಕರಣೆಯಿಂದಲೇ ಮಧ್ಯಮ ಮಟ್ಟದ ದ್ರವ, ಕೆಟ್ಟ ದ್ರಾವಕ, ಇಂಧನದ ಲೋಹದ ಸಿಪ್ಪೆ ಇವೆಲ್ಲಾ ಹೊಸದಾಗಿ ಬರುತ್ತೆ, ಅದನ್ನೂ ಸೇರಿಸಿಯೇ ಒಟ್ಟು ಲೆಕ್ಕ ಹೇಳ್ಬೇಕು, ಗಾಜು ಇಷ್ಟೇ ಇಷ್ಟು ಅಂತ ತೋರಿಸಿ ನಿಲ್ಲಿಸಿದ್ರೆ ಅರ್ಧ ಲೆಕ್ಕ ಆಯ್ತು.

ಈ ಲೆಕ್ಕ ಜನರ ಮುಂದೆ ಇಡದಿದ್ರೆ ಏನಾಗುತ್ತೆ ಅಂತ ಕೆಜಿಎಫ್‌ನವರು ನೋಡಿದ್ದಾರೆ. 1980ರ ದಶಕದಲ್ಲಿ ಕೋಲಾರದ ಗಣಿಯಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಾರ್ಕ್ ವಿಜ್ಞಾನಿಗಳು ವಿದ್ಯುತ್ ಹೀಟರ್ ಇಟ್ಟು ಬಿಸಿಗೆ ಬಂಡೆ ಹೇಗೆ ವರ್ತಿಸುತ್ತೆ ಅಂತ ಪ್ರಯೋಗ ಮಾಡಿದ್ರು, ಹೀಟರ್ ಅಷ್ಟೇ, ತ್ಯಾಜ್ಯ ಅಲ್ಲ. 2001ರಲ್ಲಿ ಗಣಿ ಮುಚ್ತು. 2012ರಲ್ಲಿ ಕೂಡಂಕುಳಂ ಕೇಸ್ ಸುಪ್ರೀಂ ಕೋರ್ಟಲ್ಲಿ ನಡೀತಿದ್ದಾಗ ಅಣು ತ್ಯಾಜ್ಯದ ಜೊತೆ ಕೋಲಾರದ ಗಣಿ ಹೆಸರು ಬಂತು, ಕೆಜಿಎಫ್ ಬೀದಿಗಿಳೀತು, ಆಮೇಲೆ ಅಲ್ಲಿ ಹಾಕಲ್ಲ ಅಂತ ಸ್ಪಷ್ಟನೆ ಬಂತು. ಗಣಿ ಮುಚ್ಚಿ ಕೆಲಸ ಕಳ್ಕೊಂಡು, ಸೈನೈಡ್ ದಿಬ್ಬದ ಧೂಳು ಕುಡಿದುಕೊಂಡೇ ಬದುಕ್ತಿರೋ ಊರು ಅದು, ಕೋರ್ಟಿನ ಸುದ್ದಿ ಓದಿ ತಮ್ಮ ಊರಿಗೆ ಏನು ಬರುತ್ತೆ ಅಂತ ತಿಳ್ಕೊಳ್ಳೋ ಸ್ಥಿತಿ ಅವರಿಗೆ ಬರಬಾರದಿತ್ತು. ಹೀಟರ್ ಪ್ರಯೋಗದ ಫಲಿತಾಂಶ ಅವತ್ತೇ ಕನ್ನಡದಲ್ಲೋ ತಮಿಳಲ್ಲೋ ಆ ಊರಿನವರಿಗೆ ಹೇಳಿದ್ರೆ ಮಾತು ಬೇರೆ ಇರ್ತಿತ್ತು.

ಕೈಗಾಕ್ಕೆ 700 ಮೆಗಾವ್ಯಾಟ್‌ನ ಇನ್ನೆರಡು ಘಟಕ ಬರೋದಿದೆ, ಹಾಗಾಗಿ ನಾವು ಕೇಳೋದನ್ನ ಈಗಲೇ ಸರಿಯಾಗಿ ಕೇಳ್ಬೇಕು. ಆ ವರ್ಷ ಎಷ್ಟು ಘನ ಮೀಟರ್ ಘನ ತ್ಯಾಜ್ಯ ಹುಟ್ತು, ಒತ್ತಿ ಸುಟ್ಟ ಮೇಲೆ ಎಷ್ಟು ಉಳೀತು, ಅದರಲ್ಲಿ ಕೋಬಾಲ್ಟ್, ಸೀಸಿಯಂ, ಸ್ಟ್ರಾನ್ಷಿಯಂ ಎಷ್ಟೆಷ್ಟು ಬೆಕೆರೆಲ್, ಕಾಳಿ ನದಿಗೂ ಗಾಳಿಗೂ ಹೋದ ಟ್ರಿಟಿಯಂ ಎಷ್ಟು, ಅನುಮತಿಯ ಮಿತಿ ಎಷ್ಟು, ಕಂದಕದ ಸುತ್ತಲಿನ ಬೋರ್‌ವೆಲ್ ನೀರಲ್ಲಿ ಏನು ಸಿಕ್ತು, "ಪತ್ತೆಯಾಗಿಲ್ಲ" ಅಂದ್ರೆ ಪತ್ತೆ ಮಿತಿ ಎಷ್ಟು. ಇಂಥ ಅಳತೆ ಸ್ಥಾವರದವರು ಹೇಗೂ ಮಾಡಿ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕೊಡ್ತಾರೆ, ಅದನ್ನೇ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಮಲ್ಲಾಪುರ, ಕದ್ರಾದ ಪಂಚಾಯ್ತಿ ಬೋರ್ಡಿಗೆ ವರ್ಷಕ್ಕೊಂದು ಸಲ ಹಚ್ಚಲಿ. ಅಲ್ಲಿನ ಹೈಸ್ಕೂಲ್, ಕಾಲೇಜ್ ಮಕ್ಕಳಿಗೆ ಅದನ್ನ ಓದೋದು ಹೇಗೆ ಅಂತ ಹೇಳ್ಕೊಡೋಕೆ ನಾನು ರೆಡಿ ಇದೀನಿ, ಫಿಸಿಕ್ಸ್ ಗೊತ್ತಿರೋ ಇನ್ನೊಂದಿಷ್ಟು ಜನ ಕೈಜೋಡಿಸಿದ್ರೆ ಕಾಮೆಂಟಲ್ಲಿ ಹೇಳಿ.